ತಾಗುವ ದೃಷ್ಟಿ, ತಾಗದ ಕೋನ

ಗೌರಿಬಿದನೂರು ತಾಲ್ಲೂಕಿನ ಅಲೀಪುರ ಮೊಹರಂಗೂ ಹರಳಿನ ವ್ಯಾಪಾರಕ್ಕೂ ಹೆಸರಾದ ಊರು. ಶಿಯಾ ಮುಸ್ಲಿಮರೇ ಹೆಚ್ಚಾಗಿರುವ ಇಲ್ಲಿ ಮನೆಮಾತು ಉರ್ದು. ಸುತ್ತಲ ಸೀಮೆಯಲ್ಲಿ ಕನ್ನಡ, ಆಂಧ್ರದ ಗಡಿ ಹತ್ತಿರವಾದ್ದರಿಂದ ತೆಲುಗೂ ಉಂಟು. ಮಗು ಹಾಲೊಲ್ಲದೆ ರಚ್ಚೆ ಹಿಡಿದರೆ ಉರ್ದುವಿನವರಿಗೆ ಅದು ‘ನಜರ್’, ತೆಲುಗಿನವರಿಗೆ ‘ದಿಷ್ಟಿ’, ಕನ್ನಡದವರಿಗೆ ‘ದೃಷ್ಟಿ’. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವುದು ಎಲ್ಲರಿಗೂ ಗೊತ್ತು. ಅಭಿಪ್ರಾಯದ ಮಾತು ಬಂದಾಗ ಮಾತ್ರ ದಾರಿ ಕವಲೊಡೆಯುತ್ತದೆ. ಉರ್ದು ಅದಕ್ಕೆ ಅದೇ ಧಾತುವಿನ ‘ನಜರಿಯಾ’ ಇಟ್ಟುಕೊಂಡಿದೆ. ತೆಲುಗು ತದ್ಭವವನ್ನು ಕೆಟ್ಟ ಕಣ್ಣಿಗೆ ಬಿಟ್ಟು ತತ್ಸಮವನ್ನು ಉಳಿದದ್ದಕ್ಕೆ ಬಳಸುತ್ತದೆ. ಕನ್ನಡದ ತದ್ಭವ ‘ದಿಟ್ಟಿ’ಯೋ ಹಳೆಯ ಕಾವ್ಯದಲ್ಲೂ ‘ದಿಟ್ಟಿಸು’ ಎಂಬ ಕ್ರಿಯಾಪದದಲ್ಲೂ ಉಳಿದುಕೊಂಡಿತು. ಕಣ್ಣು, ಕೆಟ್ಟ ಕಣ್ಣು, ಅಭಿಪ್ರಾಯ ಎಲ್ಲವೂ ‘ದೃಷ್ಟಿ’ಯ ತಲೆಯ ಮೇಲೇ ಬಿದ್ದವು. ಹೊಸಗನ್ನಡ ಗದ್ಯಕ್ಕೆ ‘ದೃಷ್ಟಿಕೋನ’ ಬೇಕಾದದ್ದು ಆ ಹೊರೆ ಇಳಿಸಲು ಎಂದೇ ನನ್ನ ವಾದ. ಅದನ್ನು ದೃಷ್ಟಿಯ ದೊಡ್ಡ ಹೆಸರೆಂದು ಬಳಸಿದರೆ ಹೊರೆ ಇಳಿಸಿದ್ದೂ ವ್ಯರ್ಥ.

ಎರಡಕ್ಕೂ ಒಗ್ಗುವ ಕ್ರಿಯಾಪದಗಳನ್ನು ನೋಡಿ. ದೃಷ್ಟಿ ಬೀಳುತ್ತದೆ, ತಾಗುತ್ತದೆ, ಮಂಜಾಗುತ್ತದೆ, ಅದನ್ನು ತೆಗೆಯಲೂಬಹುದು. ನಜರ್‌ನಿಂದ ಬಂದ ನಮ್ಮ ‘ನದರು’ ಕೂಡ ಹಾಗೇ: ಸಾಹೇಬರ ನದರು ಬಿದ್ದರೆ ಕಡತ ಓಡುತ್ತದೆ. (ಮೊಹರಂನ ಹರಕೆಯ ‘ನಜ್ರ್’ ಇದರ ನೆಂಟನಲ್ಲ. ಅರಬ್ಬಿ ಲಿಪಿಯಲ್ಲಿ ಹರಕೆಯದಕ್ಕೆ ‘ಜಾಲ್’ ಅಕ್ಷರ, ನೋಟದ ನಜರ್‌ಗೆ ‘ಜೋಯ್’. ‘ನಜರಾನೆ’ ಹರಕೆಯ ಕಡೆಯದು.) ದೃಷ್ಟಿಕೋನ ಯಾರಿಗೂ ತಾಗುವುದಿಲ್ಲ, ಬದಲಾಗುತ್ತದೆ ಅಷ್ಟೆ. ಹರಳಿನವರ ಕೈಯಲ್ಲೇ ಈ ಭೇದ ಕಾಣಸಿಗುತ್ತದೆ. ನಕ್ಷತ್ರ ಮಾಣಿಕ್ಯವನ್ನು ಒಂಟಿ ದೀಪದಡಿ ಹಿಡಿದರೆ ಅದರ ಉಬ್ಬಿದ ಬೆನ್ನಿನ ಮೇಲೆ ಆರು ಕಾಲಿನ ಚುಕ್ಕಿ ಮೂಡುತ್ತದೆ. ಕಲ್ಲನ್ನು ಸ್ವಲ್ಪ ಓರೆ ಮಾಡಿದರೆ ಚುಕ್ಕಿ ಜಾರುತ್ತದೆ. ಚುಕ್ಕಿ ಎಲ್ಲಿ ಕಂಡಿತೆಂಬುದು ಕೋನದ ಮಾತು. ಕಲ್ಲು ಅಸಲಿಯೋ ನಕಲಿಯೋ ಎನ್ನಬಲ್ಲದ್ದು ದೃಷ್ಟಿ, ಅದು ವರ್ಷಗಟ್ಟಲೆ ಪಳಗಬೇಕು.

ಅಭಿಪ್ರಾಯವೆಂಬ ಅರ್ಥ ದೃಷ್ಟಿಗೆ ಮೊದಲೇ ಇತ್ತಲ್ಲ, ಜೈನರ ಸಮ್ಯಗ್ದೃಷ್ಟಿ, ಮಿಥ್ಯಾದೃಷ್ಟಿ ಏನಾಯಿತು ಎಂದು ಕೇಳಬಹುದು. ಇತ್ತು, ನಿಜ. ಆದರೆ ಅಲ್ಲಿ ದೃಷ್ಟಿ ಸರಿ ಇರಬೇಕು, ಇಲ್ಲವೇ ತಪ್ಪಿರಬೇಕು. ಒಂದೇ ವಸ್ತುವನ್ನು ಹಲವು ಕಡೆಯಿಂದ ನೋಡಬಹುದೆನ್ನಲು ಜೈನರೇ ‘ನಯ’ ಎಂಬ ಬೇರೆ ಪದ ಇಟ್ಟುಕೊಂಡರು. ಇಂದಿನ ದೃಷ್ಟಿಕೋನ ಆ ನಯಕ್ಕೆ ಹತ್ತಿರ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ದಿನಬಳಕೆಯದು: ‘ಆರೋಗ್ಯದ ದೃಷ್ಟಿಯಿಂದ’ ಎನ್ನುತ್ತೇವಲ್ಲ? ಅಲ್ಲಿ ನೋಡುವ ಮನುಷ್ಯನೇ ಇಲ್ಲ. ಆರೋಗ್ಯವನ್ನು ಲೆಕ್ಕಕ್ಕೆ ಹಿಡಿದರೆ ಎಂದಷ್ಟೇ ಅರ್ಥ. ಕೋನ ಸೇರಿಸಿದರೆ ಮಾತು ದಪ್ಪವಾಗುತ್ತದೆ, ಅರ್ಥ ಬೆಳೆಯುವುದಿಲ್ಲ. ‘ರೈತನ ದೃಷ್ಟಿಕೋನದಿಂದ’ ಎಂದಾಗ ಮಾತ್ರ ಹೊಲದ ಬದುವಿನ ಮೇಲೆ ಒಬ್ಬ ನಿಂತಿರುತ್ತಾನೆ.