ಎಲ್ಡರ್ ಹೂವಿನ ಕಂಪು, ಗೂಸ್‌ಬೆರಿಯ ಹುಳಿ: ಮನೆಯಲ್ಲೇ ಕಾಕ್‌ಟೇಲ್

ಇಂಗ್ಲೆಂಡಿನ ಹಳ್ಳಿಗಾಡಿನ ಬೇಲಿಸಾಲುಗಳಲ್ಲಿ ಮೇ ತಿಂಗಳ ಕೊನೆಯ ಹೊತ್ತಿಗೆ ಕೆನೆಬಣ್ಣದ ಹೂಗೊಂಚಲುಗಳು ಅರಳುತ್ತವೆ. ಇವು ಎಲ್ಡರ್ ಗಿಡದ ಹೂಗಳು. ಈ ಹೂಗಳ ಕಾಲ ಮುಗಿಯುವ ಮುನ್ನವೇ, ಜೂನ್ ತಿಂಗಳಲ್ಲಿ, ತೋಟಗಳಲ್ಲಿ ಗೂಸ್‌ಬೆರಿ ಕಾಯಿ ಬಲಿಯುತ್ತದೆ. ಒಂದರಲ್ಲಿ ಕಂಪುಂಟು, ಹುಳಿಯಿಲ್ಲ. ಇನ್ನೊಂದರಲ್ಲಿ ಹುಳಿಯುಂಟು, ಹೇಳಿಕೊಳ್ಳುವಂತಹ ಪರಿಮಳವಿಲ್ಲ. ಈ ಎರಡನ್ನೂ ಬೆರೆಸಿ ಜಾಮ್, ಸಿಹಿತಿನಿಸು ಹಾಗೂ ಪಾನೀಯಗಳನ್ನು ತಯಾರಿಸುವ ರೂಢಿ ಆ ನಾಡಿನಲ್ಲಿ ಹಳೆಯದು. ಅದೇ ಜೋಡಿಗೆ ಜಿನ್ ಸೇರಿಸಿದರೆ ಹುಳಿಮಿಶ್ರಿತ ಹೂಗಂಪಿನ ಕಾಕ್‌ಟೇಲ್ ಸಿದ್ಧವಾಗುತ್ತದೆ.

ತಯಾರಿಕೆ ಕಠಿಣವಲ್ಲ. ಆದರೆ ಗಿಡದ ಯಾವ ಭಾಗವನ್ನು ಬಳಸಬೇಕು, ಯಾವುದನ್ನು ಬಳಸಬಾರದು ಎಂಬ ತಿಳಿವಳಿಕೆ ಇಲ್ಲದೆ ಈ ಕೆಲಸಕ್ಕೆ ಕೈಹಾಕುವುದು ಅಪಾಯಕಾರಿ.

ಗಿಡದ ಪರಿಚಯ

ಎಲ್ಡರ್ ಗಿಡದ ಸಸ್ಯಶಾಸ್ತ್ರೀಯ ಹೆಸರು ಸಾಂಬುಕಸ್ ನೈಗ್ರಾ. ಯುರೋಪಿನ ಬಹುಭಾಗದಲ್ಲಿ ತಾನಾಗಿಯೇ ಬೆಳೆಯುವ ಇದು ದೊಡ್ಡ ಪೊದೆ ಅಥವಾ ಸಣ್ಣ ಮರ. ಒಂದೇ ಎಲೆದಂಟಿನಲ್ಲಿ ಸಾಮಾನ್ಯವಾಗಿ 5ರಿಂದ 7 ಕಿರುಎಲೆಗಳಿರುತ್ತವೆ. ಐದು ಎಸಳುಗಳ ಪುಟ್ಟ ಹೂಗಳು ನೂರಾರು ಸಂಖ್ಯೆಯಲ್ಲಿ ಕೂಡಿ ಅಂಗೈಯಗಲದ ಚಪ್ಪಟೆ ಗೊಂಚಲಾಗುತ್ತವೆ. ಬೇಸಿಗೆಯ ಕೊನೆಗೆ ಈ ಹೂಗಳು ಕಪ್ಪುನೇರಳೆ ಬಣ್ಣದ ಸಣ್ಣ ಹಣ್ಣುಗಳಾಗುತ್ತವೆ.

ಹೂವಿನ ಪರಿಮಳ ಮಸ್ಕಟ್ ದ್ರಾಕ್ಷಿಯನ್ನು ನೆನಪಿಸುತ್ತದೆ. ಈ ಹೋಲಿಕೆಗೆ ಕಾರಣವಿದೆ. ಲಿನಲೂಲ್, ರೋಸ್ ಆಕ್ಸೈಡ್ ಮೊದಲಾದ ಸುವಾಸನಾ ಸಂಯುಕ್ತಗಳು ಎರಡರಲ್ಲಿಯೂ ಇವೆ. ಹೂವಿನ ಪರಾಗದಲ್ಲಿಯೂ ಪರಿಮಳವಿರುವುದರಿಂದ ಹೂಗಳನ್ನು ನೀರಿನಲ್ಲಿ ತೊಳೆಯುವ ಪದ್ಧತಿಯಿಲ್ಲ. ಮೆಲ್ಲನೆ ಕೊಡವಿ ಹುಳುಗಳನ್ನು ಹೊರಹಾಕಿದರೆ ಸಾಕು. ಮಳೆ ಬಿದ್ದ ಮರುಗಳಿಗೆ ಕಿತ್ತ ಹೂವಿಗಿಂತ ಒಣ ಹವೆಯ ದಿನ ಕಿತ್ತ ಹೂವು ಮೇಲು ಎನ್ನುವುದೂ ಇದೇ ಕಾರಣಕ್ಕೆ.

ಈ ಗಿಡ ಕರ್ನಾಟಕದ ಸಹಜ ಸಸ್ಯವಲ್ಲ. ಹಿಮಾಲಯದಲ್ಲಿ ಇದೇ ಕುಲದ ಬೇರೆ ಪ್ರಭೇದಗಳಿವೆಯಾದರೂ ಅವುಗಳನ್ನು ಈ ಪಾನೀಯಕ್ಕೆ ಬಳಸುವುದು ತರವಲ್ಲ. ಇಲ್ಲಿನವರಿಗೆ ಬಾಟಲಿಯಲ್ಲಿ ಬರುವ ಆಮದು ಸಿರಪ್ಪೇ ಸೂಕ್ತ ಮಾರ್ಗ. ಹೂ ಕಿತ್ತು ಸಿರಪ್ ಕಾಯಿಸುವ ಅವಕಾಶ ಬ್ರಿಟನ್, ಜರ್ಮನಿ, ಸ್ವೀಡನ್ ಮುಂತಾದೆಡೆ ನೆಲೆಸಿರುವ ಕನ್ನಡಿಗರಿಗೆ ಉಂಟು.

ಕಂಪು, ವಿಷ ಎರಡೂ ಒಂದೇ ಗಿಡದಲ್ಲಿ

ಎಲ್ಡರ್‌ನ ಎಲೆ, ತೊಗಟೆ, ಬೇರು, ಹಸಿರು ದಂಟು ಹಾಗೂ ಬಲಿಯದ ಕಾಯಿಗಳಲ್ಲಿ ಸಾಂಬುನೈಗ್ರಿನ್ ಎಂಬ ಸಂಯುಕ್ತವಿರುತ್ತದೆ. ಇದು ದೇಹದೊಳಗೆ ಒಡೆದಾಗ ಸೈನೈಡ್ ಬಿಡುಗಡೆಯಾಗುತ್ತದೆ. ಹಸಿ ಮರಗೆಣಸಿನಲ್ಲಿರುವ ವಿಷವೂ ಇದೇ ಜಾತಿಗೆ ಸೇರಿದ್ದು. ವಾಕರಿಕೆ, ವಾಂತಿ, ಹೊಟ್ಟೆನೋವು, ತಲೆಸುತ್ತು ಇದರ ಲಕ್ಷಣಗಳು.

1983ರ ಆಗಸ್ಟ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ನಡೆದ ಘಟನೆ ಇದಕ್ಕೆ ನಿದರ್ಶನ. ದೂರದ ತಾಣವೊಂದರಲ್ಲಿ ಸೇರಿದ್ದ ಗುಂಪು ಅಲ್ಲಿನ ಕಾಡು ಎಲ್ಡರ್ ಹಣ್ಣುಗಳನ್ನು ಎಲೆ ಹಾಗೂ ಕಡ್ಡಿಗಳ ಸಮೇತ ಹಿಂಡಿ ರಸ ತೆಗೆದಿತ್ತು. ರಸ ಕುಡಿದ ಕಾಲು ಗಂಟೆಯೊಳಗೆ 11 ಮಂದಿಗೆ ವಾಕರಿಕೆ, ವಾಂತಿ ಆರಂಭವಾಯಿತು. ಹೆಚ್ಚು ಬಳಲಿದ 8 ಮಂದಿಯನ್ನು ಹೆಲಿಕಾಪ್ಟರ್‌ನಲ್ಲಿ ಆಸ್ಪತ್ರೆಗೆ ಸಾಗಿಸಬೇಕಾಯಿತು. ಎಲ್ಲರೂ ಚೇತರಿಸಿಕೊಂಡರು. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 1984ರಲ್ಲಿ ಈ ಪ್ರಕರಣದ ವರದಿಯನ್ನು ಪ್ರಕಟಿಸಿತು.

ಆದ್ದರಿಂದ ಪಾಲಿಸಬೇಕಾದ ನಿಯಮಗಳು ಸರಳ:

- ಹೂವನ್ನು ಮಾತ್ರ ಬಳಸಬೇಕು. ದಪ್ಪ ದಂಟು, ಎಲೆಗಳನ್ನು ಕತ್ತರಿಯಿಂದ ಬೇರ್ಪಡಿಸಬೇಕು. ಹೂಗಳಿಗೆ ಅಂಟಿಕೊಂಡ ನೂಲಿನಂತಹ ತೊಟ್ಟು ಅಲ್ಪಸ್ವಲ್ಪ ಉಳಿದರೆ ಚಿಂತೆಯಿಲ್ಲ.
- ಎಲ್ಡರ್ ಹಣ್ಣನ್ನು ಹಸಿಯಾಗಿ ಬಳಸಬಾರದು. ಪೂರ್ಣ ಮಾಗಿದ ಹಣ್ಣನ್ನು ಬೇಯಿಸಿದ ಮೇಲಷ್ಟೇ ಬಳಸಬೇಕು.
- ಬಿಳಿ ಹೂಛತ್ರಿಯಿರುವ ಹೆಮ್ಲಾಕ್‌ನಂತಹ ಮಾರಕ ವಿಷಸಸ್ಯಗಳೂ ಅದೇ ಬೇಲಿಗಳಲ್ಲಿ ಬೆಳೆಯುತ್ತವೆ. ಅವು ಮೃದುಕಾಂಡದ ಗಿಡಗಳು, ಎಲ್ಡರ್ ಕಟ್ಟಿಗೆಯಿರುವ ಪೊದೆ. ಸಂದೇಹವಿದ್ದರೆ ಕೀಳದಿರುವುದೇ ಕ್ಷೇಮ.

ಗೂಸ್‌ಬೆರಿ ನೆಲ್ಲಿಕಾಯಿಯಲ್ಲ

ಇಂಗ್ಲಿಷ್ ಪಾಕವಿಧಾನಗಳನ್ನು ಅನುಸರಿಸುವ ಕನ್ನಡಿಗರು ಎಡವುವುದು ಹೆಸರಿನಲ್ಲಿ. ನಿಘಂಟಿನಲ್ಲಿ ಗೂಸ್‌ಬೆರಿ ಎಂಬುದಕ್ಕೆ ನೆಲ್ಲಿಕಾಯಿ ಎಂಬ ಅರ್ಥ ದೊರೆಯುತ್ತದೆ. ವಾಸ್ತವದಲ್ಲಿ ಈ ಎರಡಕ್ಕೂ ನಂಟಿಲ್ಲ. ಯುರೋಪಿನ ಗೂಸ್‌ಬೆರಿ ರೈಬಿಸ್ ಎಂಬ ಕುಲಕ್ಕೆ ಸೇರಿದ್ದು, ಬ್ಲ್ಯಾಕ್‌ಕರಂಟ್‌ನ ಸೋದರ. ಮುಳ್ಳಿನ ಪೊದೆಯಲ್ಲಿ ಬಿಡುವ ಈ ಕಾಯಿಯ ಮೈಮೇಲೆ ಗೆರೆಗಳಿರುತ್ತವೆ, ಒಳಗೆ ಮೆತ್ತಗಿನ ರಸಭರಿತ ತಿರುಳಿರುತ್ತದೆ. ನಮ್ಮ ಬೆಟ್ಟದ ನೆಲ್ಲಿ ಫಿಲ್ಯಾಂತಸ್ ಕುಲದ ಮರದ ಫಲ. ಅದರಲ್ಲಿ ಹುಳಿಯ ಜೊತೆಗೆ ಟ್ಯಾನಿನ್‌ಗಳ ಒಗರು ಬೆರೆತಿರುತ್ತದೆ. ಹೂವಿನ ನವಿರಾದ ಕಂಪು ಈ ಒಗರಿನ ಮುಂದೆ ನಿಲ್ಲಲಾರದು.

ಕಾಗದದಂತಹ ಕವಚದೊಳಗೆ ಹಳದಿ ಹಣ್ಣಿರುವ ಕೇಪ್ ಗೂಸ್‌ಬೆರಿ ಮೂರನೆಯದು. ಅದು ಟೊಮೆಟೊ, ಬದನೆಗಳ ಕುಟುಂಬದ ಸಸ್ಯ. ಹುಳಿ-ಸಿಹಿ ಎರಡೂ ಇರುವ ಈ ಹಣ್ಣನ್ನು ಬದಲಿಯಾಗಿ ಬಳಸಬಹುದಾದರೂ ರುಚಿ ಬೇರೆಯೇ ಆಗುತ್ತದೆ.

ಅಸಲಿ ಗೂಸ್‌ಬೆರಿ ಸಿಗದಿದ್ದಲ್ಲಿ ಶೈತ್ಯೀಕರಿಸಿದ ಬ್ಲ್ಯಾಕ್‌ಕರಂಟ್, ರೆಡ್‌ಕರಂಟ್, ರಾಸ್ಪ್‌ಬೆರಿ ಅಥವಾ ಕ್ರ್ಯಾನ್‌ಬೆರಿ ಬಳಸಬಹುದು. ಪೊಟ್ಟಣದ ಕ್ರ್ಯಾನ್‌ಬೆರಿ ರಸದಲ್ಲಿ ಸಾಮಾನ್ಯವಾಗಿ ಮೊದಲೇ ಸಕ್ಕರೆ ಬೆರೆಸಿರುತ್ತಾರೆ ಎಂಬುದನ್ನು ಮರೆಯಬಾರದು.

ಇಂಗ್ಲೆಂಡಿನಲ್ಲಿ ಗೂಸ್‌ಬೆರಿಯ ಮೇಲಿನ ಅಕ್ಕರೆ ಎಷ್ಟೆಂದರೆ, ಯಾರ್ಕ್‌ಶೈರ್‌ನ ಎಗ್ಟನ್ ಬ್ರಿಜ್ ಗ್ರಾಮದಲ್ಲಿ ಅತಿ ತೂಕದ ಕಾಯಿಗೆ ಬಹುಮಾನ ನೀಡುವ ಪ್ರದರ್ಶನ 1800ರಲ್ಲಿ ಆರಂಭವಾಯಿತು.

ಮನೆಯ ಪಾನಕ ಬಾರ್‌ಗೆ ಬಂದದ್ದು

ಎಲ್ಡರ್ ಹೂವಿನ ಪಾನಕ ಯುರೋಪಿನ ಅನೇಕ ದೇಶಗಳ ಮನೆಗಳಲ್ಲಿ ಬಳಕೆಯಲ್ಲಿದೆ. ರೊಮೇನಿಯಾದಲ್ಲಿ ಹೂಗಳನ್ನು ನಿಂಬೆ, ಸಕ್ಕರೆಯೊಂದಿಗೆ ಕೆಲವು ದಿನ ಹುದುಗಿಸಿ ‘ಸೊಕಾತಾ’ ಎಂಬ ಪೇಯ ಮಾಡುತ್ತಾರೆ. ಜರ್ಮನಿ, ಆಸ್ಟ್ರಿಯಾಗಳಲ್ಲಿ ಹೂಗೊಂಚಲನ್ನು ಹಿಟ್ಟಿನಲ್ಲಿ ಅದ್ದಿ, ನಮ್ಮ ಬಜ್ಜಿಯಂತೆ ಕರಿದು ತಿನ್ನುವುದುಂಟು. 2018ರಲ್ಲಿ ಬ್ರಿಟನ್ ರಾಜಕುಮಾರ ಹ್ಯಾರಿ ಹಾಗೂ ಮೇಗನ್ ಮಾರ್ಕಲ್ ವಿವಾಹದ ಕೇಕ್‌ನಲ್ಲಿ ಬಳಕೆಯಾದದ್ದು ಇದೇ ಹೂವಿನ ಸಿರಪ್.

ಬಾರ್‌ಗಳಲ್ಲಿ ಇದರ ಬಳಕೆ ಹೆಚ್ಚಿದ್ದು ಈ ಶತಮಾನದ ಮೊದಲ ದಶಕದಲ್ಲಿ. 2005ರಲ್ಲಿ ಇಟಲಿಯ ಉತ್ತರ ತುದಿಯ ಸೌತ್ ಟಿರೋಲ್ ಪ್ರಾಂತ್ಯದಲ್ಲಿ ರೋಲಂಡ್ ಗ್ರೂಬರ್ ಎಂಬ ಬಾರ್‌ಟೆಂಡರ್ ‘ಹ್ಯೂಗೊ’ ಎಂಬ ಕಾಕ್‌ಟೇಲ್ ರೂಪಿಸಿದರು. ಪ್ರೊಸೆಕೊ ವೈನ್, ಸೋಡಾ, ಪುದೀನ ಹಾಗೂ ಎಲ್ಡರ್ ಹೂವಿನ ಸಿರಪ್‌ನಿಂದ ಈಗ ಅದನ್ನು ತಯಾರಿಸಲಾಗುತ್ತದೆ. 2007ರಲ್ಲಿ ಅಮೆರಿಕದ ಉದ್ಯಮಿ ರಾಬರ್ಟ್ ಕೂಪರ್ ‘ಸೇಂಟ್ ಜರ್ಮೇನ್’ ಎಂಬ ಎಲ್ಡರ್ ಹೂವಿನ ಲಿಕರ್ ಮಾರುಕಟ್ಟೆಗೆ ತಂದರು. ಬಳಿಕ ಈ ಪರಿಮಳ ನಾನಾ ದೇಶಗಳ ಬಾರ್‌ಗಳನ್ನು ತಲುಪಿತು.

ಹೂವಿನ ಸಿರಪ್: ಬೇಕಾಗುವ ಸಾಮಗ್ರಿಗಳು

- ಎಲ್ಡರ್ ಹೂಗೊಂಚಲು: 20
- ಸಕ್ಕರೆ: 1 ಕಿಲೋ
- ನೀರು: 1 ಲೀಟರ್
- ದೊಡ್ಡ ಹಳದಿ ನಿಂಬೆ: 2
- ಸಿಟ್ರಿಕ್ ಆಮ್ಲದ ಹರಳು: 50 ಗ್ರಾಂ

ಮಾಡುವ ವಿಧಾನ

ನೀರಿಗೆ ಸಕ್ಕರೆ ಹಾಕಿ ಕರಗುವವರೆಗೆ ಕಾಯಿಸಬೇಕು. ಒಮ್ಮೆ ಕುದಿ ಬಂದೊಡನೆ ಒಲೆಯಿಂದ ಇಳಿಸಿ, ಸಿಟ್ರಿಕ್ ಆಮ್ಲ ಬೆರೆಸಬೇಕು. ನಿಂಬೆಯ ಹಳದಿ ಸಿಪ್ಪೆಯನ್ನು ತೆಳುವಾಗಿ ಹೆರೆದು ಹಾಕಿ, ಹಣ್ಣನ್ನು ಬಿಲ್ಲೆಗಳಾಗಿ ಕೊಯ್ದು ಸೇರಿಸಬೇಕು. ಪಾಕದ ಬಿಸಿ ತುಸು ಇಳಿದ ಮೇಲೆ ದಂಟು ಕತ್ತರಿಸಿದ ಹೂಗಳನ್ನು ಮುಳುಗಿಸಿ ಮುಚ್ಚಿಡಬೇಕು. ಹೂ ಹಾಕಿದ ಮೇಲೆ ಕುದಿಸಿದರೆ ಕಂಪು ಆವಿಯಾಗಿ ಹೋಗುತ್ತದೆ.

24 ಗಂಟೆಗಳ ಬಳಿಕ ತೆಳುಬಟ್ಟೆಯಲ್ಲಿ ಸೋಸಿ, ಕುದಿನೀರಿನಲ್ಲಿ ಶುದ್ಧಗೊಳಿಸಿದ ಬಾಟಲಿಗೆ ತುಂಬಬೇಕು. ಫ್ರಿಜ್‌ನಲ್ಲಿ ಸುಮಾರು ಒಂದು ತಿಂಗಳು ಇಡಬಹುದು. ಇನ್ನೂ ಹೆಚ್ಚು ಕಾಲ ಬೇಕಿದ್ದರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸ್ವಲ್ಪ ಜಾಗ ಬಿಟ್ಟು ಫ್ರೀಜರ್‌ನಲ್ಲಿರಿಸಬೇಕು.

ಗೂಸ್‌ಬೆರಿ ತಿರುಳು

ತೊಟ್ಟು ತೆಗೆದ 250 ಗ್ರಾಂ ಗೂಸ್‌ಬೆರಿಗೆ 50 ಗ್ರಾಂ ಸಕ್ಕರೆ, 3 ದೊಡ್ಡ ಚಮಚ ನೀರು ಸೇರಿಸಿ ಸಣ್ಣ ಉರಿಯಲ್ಲಿ 8ರಿಂದ 10 ನಿಮಿಷ ಬೇಯಿಸಬೇಕು. ಕಾಯಿ ಒಡೆದು ಮೆತ್ತಗಾದಾಗ ಜರಡಿಯಲ್ಲಿ ಒತ್ತಿ ಬೀಜ, ಸಿಪ್ಪೆ ಬೇರ್ಪಡಿಸಿ ತಣಿಸಬೇಕು. ಇಲ್ಲಿ ಸಕ್ಕರೆ ಬೇಕೆಂದೇ ಕಡಿಮೆ. ಸಿಹಿಯ ಪಾಲು ಸಿರಪ್‌ನಿಂದ ಬರುತ್ತದೆ.

ಕಾಕ್‌ಟೇಲ್: ಒಂದು ಲೋಟಕ್ಕೆ

- ಜಿನ್: 45 ಮಿ.ಲೀ.
- ಗೂಸ್‌ಬೆರಿ ತಿರುಳು: 30 ಮಿ.ಲೀ.
- ಎಲ್ಡರ್ ಹೂವಿನ ಸಿರಪ್: 20 ಮಿ.ಲೀ.
- ನಿಂಬೆರಸ: 10 ಮಿ.ಲೀ.
- ತಣ್ಣನೆಯ ಸೋಡಾ: 60ರಿಂದ 90 ಮಿ.ಲೀ.
- ಮಂಜುಗಡ್ಡೆ: ಸಾಕಷ್ಟು

ಸೋಡಾ ಹೊರತುಪಡಿಸಿ ಉಳಿದೆಲ್ಲವನ್ನೂ ಶೇಕರ್‌ಗೆ ಹಾಕಿ, ಮಂಜುಗಡ್ಡೆ ತುಂಬಿ, 12ರಿಂದ 15 ಸೆಕೆಂಡು ಬಲವಾಗಿ ಕುಲುಕಬೇಕು. ಶೇಕರ್ ಇಲ್ಲದಿದ್ದರೆ ಬಿಗಿಯಾದ ಮುಚ್ಚಳವಿರುವ ಅಗಲ ಬಾಯಿಯ ಜಾಡಿಯೂ ಆದೀತು. ಹೊಸ ಮಂಜುಗಡ್ಡೆ ತುಂಬಿದ ಎತ್ತರದ ಲೋಟಕ್ಕೆ ಸೋಸಿ, ಮೇಲೆ ಸೋಡಾ ಸುರಿದು ಒಮ್ಮೆ ತಿರುವಬೇಕು. ಸೋಡಾವನ್ನು ಶೇಕರ್‌ಗೆ ಹಾಕಿ ಕುಲುಕಿದರೆ ಅನಿಲದ ಒತ್ತಡಕ್ಕೆ ಮುಚ್ಚಳ ಹಾರಿಬಿಡುತ್ತದೆ.

ಹುಳಿ-ಸಿಹಿಯ ಲೆಕ್ಕ

ಈ ಪಾನೀಯ ಕೆಡುವುದು ಬಹುಪಾಲು ಸಿಹಿ ಹೆಚ್ಚಾಗಿ. ಪರಿಮಳ ಸಾಲದೆನಿಸಿದಾಗ ಸಿರಪ್ ಹೆಚ್ಚಿಸುವುದು ಸಾಮಾನ್ಯ. ಅದರಿಂದ ಕಂಪಿನ ಜೊತೆಗೆ ಸಕ್ಕರೆಯೂ ಏರಿ, ಹುಳಿ ಮರೆಯಾಗುತ್ತದೆ. ಸಿರಪ್ ಹೆಚ್ಚಿಸಿದಾಗಲೆಲ್ಲ ಸುಮಾರು ಅರ್ಧದಷ್ಟು ನಿಂಬೆರಸವನ್ನೂ ಹೆಚ್ಚಿಸುವುದು ಒಳ್ಳೆಯ ಉಪಾಯ. ಸಕ್ಕರೆ ಬೆರೆತ ಕ್ರ್ಯಾನ್‌ಬೆರಿ ರಸ ಬಳಸುವುದಾದರೆ ಸಿರಪ್ಪನ್ನು 10 ಮಿ.ಲೀ.ಗೆ ಇಳಿಸಿ, ನಿಂಬೆರಸವನ್ನು 20 ಮಿ.ಲೀ.ಗೆ ಏರಿಸಬೇಕು.

ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಆದಕಾರಣ ಮಂಜುಗಡ್ಡೆಯೊಂದಿಗೆ ಕುಲುಕಿದ ಬಳಿಕವೇ ರುಚಿ ನೋಡಿ ತಿದ್ದುಪಡಿ ಮಾಡಬೇಕು. ಸೋಡಾದ ಬದಲು ಟಾನಿಕ್ ನೀರು ಬಳಸುವವರು ಅದರಲ್ಲಿಯೂ ಸಾಮಾನ್ಯವಾಗಿ ಸಕ್ಕರೆ ಇರುವುದನ್ನು ಗಮನಿಸಬೇಕು.

ಮದ್ಯವಿಲ್ಲದ ಪಾನೀಯ

ಜಿನ್ ಬಿಟ್ಟು, ತಿರುಳನ್ನು 40 ಮಿ.ಲೀ.ಗೂ ನಿಂಬೆರಸವನ್ನು 15 ಮಿ.ಲೀ.ಗೂ ಹೆಚ್ಚಿಸಿ, ಸೋಡಾ 150 ಮಿ.ಲೀ. ಬೆರೆಸಿದರೆ ಮಕ್ಕಳಾದಿಯಾಗಿ ಎಲ್ಲರೂ ಕುಡಿಯಬಹುದಾದ ಪಾನಕವಾಗುತ್ತದೆ. ಜಿನ್‌ನ ಮೂಲಿಕೆ ಘಮಲಿಗೆ ಬದಲಾಗಿ ನಾಲ್ಕಾರು ಪುದೀನ ಎಲೆ ಅಥವಾ ಸೌತೆಕಾಯಿ ಬಿಲ್ಲೆ ಹಾಕಬಹುದು. ಹೂವಿನ ಕಂಪು ಮದ್ಯದ ಘಾಟಿಲ್ಲದ ಈ ರೂಪದಲ್ಲಿಯೇ ಹೆಚ್ಚು ಸ್ಪಷ್ಟವಾಗಿ ತಿಳಿಯುತ್ತದೆ.

ಬಾಟಲಿ ಸಿಡಿಯುವ ಅಪಾಯ

ಹೂವಿನ ಮೇಲೆ ಸಹಜವಾಗಿಯೇ ಕಾಡು ಯೀಸ್ಟ್ ಇರುತ್ತದೆ. ಸಿರಪ್ಪನ್ನು ನೀರಾಗಿಸಿ ಹೊರಗೆ ಇಟ್ಟರೆ ಅದು ಹುದುಗಿ, ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಇದೇ ಗುಣವನ್ನು ಬಳಸಿ ಬ್ರಿಟನ್ನಿನ ಮನೆಗಳಲ್ಲಿ ನೊರೆಯುಕ್ಕುವ ಪೇಯವೊಂದನ್ನು ಮಾಡುತ್ತಾರೆ. ಜನರ ಬಾಯಲ್ಲಿ ಅದು ‘ಎಲ್ಡರ್‌ಫ್ಲವರ್ ಶಾಂಪೇನ್’. ಇಂತಹುದೇ ಹೆಸರಿನಲ್ಲಿ ಮದ್ಯರಹಿತ ಪೇಯ ಮಾರುತ್ತಿದ್ದ ಇಂಗ್ಲಿಷ್ ಸಂಸ್ಥೆಯೊಂದರ ವಿರುದ್ಧ ಫ್ರಾನ್ಸಿನ ಶಾಂಪೇನ್ ತಯಾರಕರು ನ್ಯಾಯಾಲಯದ ಮೆಟ್ಟಿಲೇರಿದ್ದರು. ವ್ಯಾಪಾರಕ್ಕೆ ಶಾಂಪೇನ್ ಎಂಬ ಹೆಸರು ಬಳಸಕೂಡದೆಂದು 1993ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು.

ಹುದುಗುತ್ತಿರುವ ಪೇಯವನ್ನು ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಒತ್ತಡ ಹೆಚ್ಚಿ ಬಾಟಲಿ ಒಡೆದು ಚೂರುಗಳು ಸಿಡಿಯಬಹುದು. ಸಿರಪ್‌ನಲ್ಲಿ ಗುಳ್ಳೆ ಕಂಡುಬಂದರೆ ಅಥವಾ ಮುಚ್ಚಳ ಉಬ್ಬಿದ್ದರೆ ಅದನ್ನು ಬಳಸದೆ, ಎಚ್ಚರಿಕೆಯಿಂದ ಒತ್ತಡ ಬಿಡಿಸಿ ಚೆಲ್ಲುವುದು ಲೇಸು.

ಒಂದು ಲೋಟದಲ್ಲಿ ಮದ್ಯಸಾರವೆಷ್ಟು?

ಭಾರತದಲ್ಲಿ ಮಾರಾಟವಾಗುವ ಜಿನ್‌ಗಳಲ್ಲಿ ಅನೇಕವು ಶೇ. 42.8ರಷ್ಟು ಮದ್ಯಸಾರ ಹೊಂದಿರುತ್ತವೆ. ಅದರಂತೆ 45 ಮಿ.ಲೀ. ಜಿನ್‌ನಲ್ಲಿ ಸುಮಾರು 15 ಗ್ರಾಂ ಮದ್ಯಸಾರವಿರುತ್ತದೆ. ಸಿರಪ್‌ನ ಬದಲು ಶೇ. 20ರ ಲಿಕರ್ ಬಳಸಿದರೆ ಇದಕ್ಕೆ ಇನ್ನೂ 3 ಗ್ರಾಂ ಸೇರುತ್ತದೆ. ಹಣ್ಣು, ಹೂವಿನ ರುಚಿಯಲ್ಲಿ ಮದ್ಯದ ಘಾಟು ಅಡಗುವುದರಿಂದ ಕುಡಿದದ್ದೆಷ್ಟೆಂಬುದು ಮರೆತುಹೋಗುವ ಸಂಭವ ಹೆಚ್ಚು. ಅಳತೆಯ ಲೋಟವಿಲ್ಲದೆ ಅಂದಾಜಿನಲ್ಲಿ ಸುರಿಯಬಾರದೆನ್ನುವುದು ಇದಕ್ಕಾಗಿಯೇ.

ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸಂಪೂರ್ಣ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಗರ್ಭಿಣಿಯರು, ವಾಹನ ಚಲಾಯಿಸುವವರು ಹಾಗೂ ಔಷಧ ಸೇವಿಸುತ್ತಿರುವವರಿಗೆ ಮದ್ಯರಹಿತ ಪಾನಕವೇ ಯೋಗ್ಯ. ಅತಿಥಿಗಳಿಗೆ ಬಡಿಸುವಾಗ ಎರಡೂ ಬಗೆಯನ್ನು ಬೇರೆ ಬೇರೆ ಆಕಾರದ ಲೋಟಗಳಲ್ಲಿ ಇರಿಸಿದರೆ ಅದಲುಬದಲಾಗುವ ಪ್ರಮಾದ ತಪ್ಪುತ್ತದೆ.