ನಾಟಕಗಳ ಸಂಕಲನದಲ್ಲಿ ಕೈಲಾಸಂ ಯಾಕಿಲ್ಲ?

ಹೋದ ತಿಂಗಳು ನಮ್ಮ ಹೈಸ್ಕೂಲಿನ ಡ್ರಾಮಾ ಕ್ಲಾಸಿನಲ್ಲಿ ಒಂದು ಕೆಲಸ ಕೊಟ್ಟರು. ಬೇರೆ ಭಾಷೆಯಿಂದ ಇಂಗ್ಲಿಷಿಗೆ ಬಂದ ನಾಟಕದ ಒಂದು ದೃಶ್ಯವನ್ನು ಆರಿಸಿಕೊಂಡು ಎಲ್ಲರ ಮುಂದೆ ಓದಬೇಕು. ಕನ್ನಡದ್ದೇ ಓದೋಣ ಅಂತ ಲೈಬ್ರರಿಗೆ ಹೋದೆ. ಸಿಕ್ಕಿದ್ದು ಆಧುನಿಕ ಜಪಾನಿ ನಾಟಕಗಳ ದಪ್ಪನೆಯ ಸಂಕಲನ, 2014ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಕಾಶನ ತಂದದ್ದು. ಕನ್ನಡದ ಅಂಥ ಪುಸ್ತಕ ಆ ಕಪಾಟಿನಲ್ಲಿ ಇರಲಿಲ್ಲ. ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚಾಯಿತು. ಆದರೂ ಮನೆಗೆ ತಂದೆ.

ಜಪಾನಿನ ಹೊಸ ನಾಟಕ ಹೇಗೆ ಶುರುವಾಯಿತು ಅಂತ ಹುಡುಕಿದರೆ ದಾರಿ ನಮ್ಮ ಸ್ಯಾನ್ ಫ್ರಾನ್ಸಿಸ್ಕೋಗೇ ಬಂತು! 1899ರಲ್ಲಿ ಕವಕಾಮಿ ಒಟೋಜಿರೋ ಎಂಬ ನಟ ತನ್ನ ತಂಡ ಕಟ್ಟಿಕೊಂಡು ಹಡಗಿನಲ್ಲಿ ಇಲ್ಲಿಗೆ ಬಂದ. ಆಟ ಆಡಿದರು, ಜನ ನೋಡಿದರು. ಆದರೆ ಬಂದ ಹಣವನ್ನೆಲ್ಲ ಎತ್ತಿಕೊಂಡು ಏಜೆಂಟ್ ಓಡಿಹೋದ. ಪಾಪ, ಹೊಟ್ಟೆಗಿಲ್ಲದೆ ಊರೂರು ಅಲೆದು ಕೊನೆಗೆ ಪ್ಯಾರಿಸ್ ತಲುಪಿದರು. ಊರಿಗೆ ಮರಳಿದ ಮೇಲೆ 1903ರಲ್ಲಿ ಕವಕಾಮಿ ಶೇಕ್ಸ್‌ಪಿಯರನ ‘ಒಥೆಲೊ’ ಆಡಿಸಿದ. ಒಥೆಲೊಗೆ ಜಪಾನಿ ಹೆಸರು ಕೊಟ್ಟು, ಅವನನ್ನು ತೈವಾನಿಗೆ ಕಳಿಸಿಬಿಟ್ಟ.

ಇದನ್ನು ಅಪ್ಪನಿಗೆ ಹೇಳಿದಾಗ ಅವರು ನಕ್ಕು, "ನಮ್ಮವರು ಅದಕ್ಕಿಂತ ಮೊದಲೇ ಮಾಡಿದ್ದರು" ಅಂದರು. ಮೈಸೂರು ಅರಮನೆಯ ಬಸವಪ್ಪ ಶಾಸ್ತ್ರಿಗಳು (ಮೈಸೂರು ಸಂಸ್ಥಾನದ ನಾಡಗೀತೆ ಬರೆದವರೂ ಇವರೇ) 1891ರಲ್ಲಿ ತೀರಿಕೊಂಡರು. ಅವರ ‘ಶೂರಸೇನ ಚರಿತ್ರೆ’ ಅಂದರೆ ಅದೇ ‘ಒಥೆಲೊ’. ಶಾಸ್ತ್ರಿಗಳಿಗೆ ಇಂಗ್ಲಿಷೇ ಬರುತ್ತಿರಲಿಲ್ಲವಂತೆ! ಇಂಗ್ಲಿಷ್ ಬಲ್ಲ ಸಿ. ಸುಬ್ಬರಾಯರ ನೆರವಿನಿಂದ ಬರೆದರು. ಆಮೇಲೆ ಬಿ.ಎಂ.ಶ್ರೀ. ಗ್ರೀಕ್ ನಾಟಕವೊಂದನ್ನು ಮಹಾಭಾರತದ ಕಥೆಗೆ ಹೊಂದಿಸಿ 1929ರಲ್ಲಿ ‘ಅಶ್ವತ್ಥಾಮನ್’ ಮಾಡಿದರು. ಟೋಕಿಯೊದಲ್ಲಿ 1924ರಲ್ಲಿ ತೆರೆದ ತ್ಸುಕಿಜಿ ಕಿರುರಂಗಮಂದಿರದ ಒಸನಾಯ್ ಕವೊರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎರಡು ವರ್ಷ ಬರೀ ಅನುವಾದಗಳನ್ನೇ ಆಡುತ್ತೇವೆ ಅಂದುಬಿಟ್ಟ. ಅಲ್ಲಿನ ನಾಟಕಕಾರರಿಗೆ ಸಿಟ್ಟು ಬರದೆ ಇರುತ್ತದೆಯೇ?

ಅಂದರೆ ಒಳಗೆ ತರುವ ಕೆಲಸದಲ್ಲಿ ನಾವೇನೂ ಹಿಂದೆ ಬಿದ್ದಿರಲಿಲ್ಲ. ಹೊರಗೆ ಕಳಿಸುವುದರಲ್ಲೇ ವ್ಯತ್ಯಾಸ. ಜಪಾನಿ ಕಲಿತು, ನಾಟಕಗಳನ್ನು ಇಂಗ್ಲಿಷಿಗೆ ತಂದ ಅಮೆರಿಕದ ಪ್ರೊಫೆಸರುಗಳು ಹಲವರಿದ್ದಾರೆ. 1957ರಲ್ಲೇ ಡೊನಾಲ್ಡ್ ಕೀನ್ ಅವರು ಮಿಶಿಮಾ ಬರೆದ ಐದು ನಾಟಕಗಳ ಪುಸ್ತಕ ತಂದರು. ನಮ್ಮ ಗಿರೀಶ ಕಾರ್ನಾಡರೋ ತಮ್ಮ ನಾಟಕಗಳನ್ನು ತಾವೇ ಹೊತ್ತು ತಂದರು! ‘ತುಘಲಕ್’, ‘ಹಯವದನ’, ‘ನಾಗಮಂಡಲ’ ಮೂರನ್ನೂ ಅವರೇ ಇಂಗ್ಲಿಷಿಗೆ ತಿರುಗಿಸಿದರು. 1994ರಲ್ಲಿ ಆಕ್ಸ್‌ಫರ್ಡ್ ಪ್ರಕಾಶನ ಮೂರನ್ನೂ ಒಂದೇ ಪುಸ್ತಕವಾಗಿ ತಂದಿತು. 2001ರಲ್ಲಿ ಇಲ್ಲಿ ಅಮೆರಿಕದಲ್ಲಿ ಎರಿನ್ ಮೀ ಅವರು ಭಾರತದ ಆರು ನಾಟಕಗಳ ಸಂಕಲನ ಮಾಡಿದಾಗ, ಕನ್ನಡದಿಂದ ಹೋದದ್ದು ಒಂದೇ, ‘ಅಗ್ನಿ ಮತ್ತು ಮಳೆ’. ಅದೂ ಕಾರ್ನಾಡರದ್ದೇ. ಕಾರ್ನಾಡರು ನನಗೆ ತುಂಬಾ ಇಷ್ಟ. ಆದರೆ ಒಬ್ಬರೇ ಎಷ್ಟು ಅಂತ ಹೊರಬೇಕು?

ನಮ್ಮ ಮನೆಯಲ್ಲಿ ಎಲ್ಲರೂ ಬಿದ್ದು ಬಿದ್ದು ನಗುವುದು ಟಿ.ಪಿ. ಕೈಲಾಸಂ ಅವರ ನಾಟಕಗಳಿಗೆ. ಲಂಡನ್ನಿಗೆ ಹೋಗಿ ಭೂಗರ್ಭಶಾಸ್ತ್ರ ಓದಿ ಬಂದವರು. ಅವರ ‘ಟೊಳ್ಳು ಗಟ್ಟಿ’ಯಲ್ಲಿ ಪುಸ್ತಕದ ಹುಳುವಾದ ಮಗ ಒಬ್ಬ, ಪರೀಕ್ಷೆಯಲ್ಲಿ ಫೇಲಾದರೂ ಮನೆಗೆ ಕಷ್ಟ ಬಂದಾಗ ಒದಗುವ ಮಗ ಇನ್ನೊಬ್ಬ. (ಅಪ್ಪ ಅಮ್ಮಂದಿರೇ, ದಯವಿಟ್ಟು ಈ ನಾಟಕ ಓದಿ!) ಕೈಲಾಸಂ ಪಾತ್ರಗಳು ಕನ್ನಡದ ಮಧ್ಯೆ ಇಂಗ್ಲಿಷ್ ಸೇರಿಸಿ ಮಾತಾಡುತ್ತವೆ, ಥೇಟ್ ನಮ್ಮ ಹಾಗೆ. ನಗು ಇರುವುದೇ ಅಲ್ಲಿ. ಎಲ್ಲವನ್ನೂ ಇಂಗ್ಲಿಷ್ ಮಾಡಿದರೆ ಸಕ್ಕರೆ ನೀರಿನಲ್ಲಿ ಕರಗಿದ ಹಾಗೆ, ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಅದಕ್ಕೇ ಇರಬಹುದು, ನಾನು ತಿರುವಿದ ಸಂಕಲನಗಳಲ್ಲಿ ಕೈಲಾಸಂ ಸಿಗಲಿಲ್ಲ. ತಮಾಷೆಯೆಂದರೆ ಕರ್ಣ, ಏಕಲವ್ಯರ ಕಥೆಗಳನ್ನು ಅವರೇ ನೇರವಾಗಿ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಮನೆಯೊಳಗಿನ ಕಥೆಗಳನ್ನು ಮಾತ್ರ ಕನ್ನಡದಲ್ಲೇ ಇಟ್ಟರು.

ಕ್ಲಾಸಿನಲ್ಲಿ ಕೊನೆಗೆ ‘ತುಘಲಕ್’ ಓದಿದೆ, ಚೆನ್ನಾಗಿಯೇ ಆಯಿತು. ಆದರೆ ಈಗ ಪ್ರತಿ ಭಾನುವಾರ ನಾನು, ಅಮ್ಮ ಕೂತು ‘ಟೊಳ್ಳು ಗಟ್ಟಿ’ಯನ್ನು ಇಂಗ್ಲಿಷ್ ಮಾಡುತ್ತಿದ್ದೇವೆ. ನನ್ನ ಕನ್ನಡ ಓದು ನಿಧಾನ, ಅಮ್ಮ ಗಟ್ಟಿಯಾಗಿ ಓದುತ್ತಾರೆ, ನಾನು ಟೈಪ್ ಮಾಡುತ್ತೇನೆ. ಮೂರು ಪುಟ ಆಗಿದೆ. ಮೂಲದಲ್ಲೇ ಇಂಗ್ಲಿಷ್ ಇದ್ದ ಮಾತುಗಳನ್ನು ಸದ್ಯಕ್ಕೆ ದೊಡ್ಡ ಅಕ್ಷರದಲ್ಲಿ ಹಾಕಿದ್ದೆ. ಮೈಸೂರಿನ ತಾತನಿಗೆ ಫೋನಿನಲ್ಲಿ ಓದಿ ಹೇಳಿದೆ. "ದೊಡ್ಡ ಅಕ್ಷರ ಕಿವಿಗೆ ಕೇಳಿಸಲ್ಲವಲ್ಲ ಮರಿ" ಅಂದರು. ಮತ್ತೆ ಮೊದಲ ಪುಟದಿಂದ ಶುರು ಮಾಡಿದ್ದೇನೆ.