ಸವೆದ ಮೃದ್ವಸ್ಥಿ ಮರಳಿ ಬೆಳೆಯುವುದೇ?

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ದೂರವಾಣಿಯಲ್ಲಿ, "ಸಾರ್, ಅಮ್ಮನ ಮಂಡಿ ಸವೆದುಹೋಗಿದೆ. ಅವರದೇ ರಕ್ತದಿಂದಲೋ ಹೊಟ್ಟೆಯ ಕೊಬ್ಬಿನಿಂದಲೋ ಮದ್ದು ಮಾಡಿ ಚುಚ್ಚಿದರೆ ಸವೆದದ್ದು ಮತ್ತೆ ಬೆಳೆಯುತ್ತದಂತೆ. ಅಮ್ಮ ಬಳೆ ಅಡವಿಡಲು ಸಿದ್ಧರಾಗಿದ್ದಾರೆ. ಏನು ಮಾಡಲಿ?" ಎಂದು ಕೇಳಿದನು. ನಾನು ವೈದ್ಯನಲ್ಲ, ವಿಜ್ಞಾನದ ಪಾಠ ಹೇಳಿದ ಮೇಷ್ಟ್ರು. ಆದರೆ ಪ್ರಶ್ನೆಯೊಂದರ ಚರಿತ್ರೆಯನ್ನು ಅರಿತರೆ ಉತ್ತರದ ಅರ್ಧ ದಾರಿಯನ್ನು ಸವೆಸಿದಂತೆ ಎಂದು ನಂಬಿದವನು. ಅವನಿಗೆ ಹೇಳಿದ್ದನ್ನೇ ನಿಮ್ಮೆಲ್ಲರಿಗಾಗಿ ಇಲ್ಲಿ ಬರೆದಿದ್ದೇನೆ.

ಈ ಕಥೆ 1743ರಷ್ಟು ಹಳೆಯದು. ಆ ವರ್ಷ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ವಿಲಿಯಂ ಹಂಟರ್ ಎಂಬ ತರುಣ ಅಂಗರಚನಾ ತಜ್ಞನು ಕೀಲುಗಳ ಮೃದ್ವಸ್ಥಿಯನ್ನು ಕುರಿತು ಪ್ರಬಂಧವೊಂದನ್ನು ಮಂಡಿಸಿದನು. ಒಮ್ಮೆ ನಾಶವಾದ ಮೃದ್ವಸ್ಥಿ ಮರಳಿ ಬಾರದೆಂಬುದು ಪ್ರಾಚೀನರ ಕಾಲದಿಂದಲೂ ಎಲ್ಲರೂ ಒಪ್ಪಿದ ಸಂಗತಿ ಎಂದು ಅವನು ಬರೆದನು. ಇದಕ್ಕೆ ಕಾರಣವುಂಟು. ಮೂಳೆಗಳ ತುದಿಯನ್ನು ಹೊದ್ದಿರುವ ಈ ನುಣುಪಾದ ಪದರದಲ್ಲಿ ರಕ್ತನಾಳಗಳಿಲ್ಲ, ನರಗಳಿಲ್ಲ. ಅದರ ವಿರಳವಾದ ಜೀವಕೋಶಗಳು ಕೀಲಿನ ದ್ರವದಿಂದಲೇ ಪೋಷಣೆ ಪಡೆಯಬೇಕು. ಕೈ ಕೊಯ್ದುಕೊಂಡರೆ ರಕ್ತ ಬಂದು ಹೆಪ್ಪುಗಟ್ಟಿ ಗಾಯ ಮಾಯುತ್ತದೆ. ಮೃದ್ವಸ್ಥಿಗೆ ಆ ಭಾಗ್ಯವಿಲ್ಲ.

ಹಾಗಾದರೆ ಮಾಯಿಸುವ ಗುಣವನ್ನು ಹೊರಗಿನಿಂದ ಒದಗಿಸಬಾರದೇಕೆ? ಮುಂದಿನ ಚರಿತ್ರೆಯೆಲ್ಲ ಈ ಆಸೆಯದೇ. ಇಟಲಿಯ ಬಿಜೋಜೆರೋ 1882ರಲ್ಲಿ ರಕ್ತದ ಪ್ಲೇಟ್‌ಲೆಟ್‌ಗಳನ್ನು ವರ್ಣಿಸಿ, ರಕ್ತ ಹೆಪ್ಪುಗಟ್ಟುವುದರಲ್ಲಿ ಅವುಗಳ ಪಾತ್ರವನ್ನು ತೋರಿಸಿದನು. ಜೀವಕೋಶಗಳನ್ನು ವೃದ್ಧಿಸುವಂತೆ ಪ್ರೇರೇಪಿಸುವ ವಸ್ತುವೊಂದು ಪ್ಲೇಟ್‌ಲೆಟ್‌ಗಳಿಂದ ಹೊರಬರುತ್ತದೆಂದು ಅಮೆರಿಕದ ರಸೆಲ್ ರಾಸ್ ಮತ್ತು ಸಂಗಡಿಗರು 1974ರಲ್ಲಿ ಕಂಡುಕೊಂಡರು. 1998ರಲ್ಲಿ ರಾಬರ್ಟ್ ಮಾರ್ಕ್ಸ್ ಮತ್ತು ಸಂಗಡಿಗರು, ದವಡೆಗೆ ಮೂಳೆ ಕಸಿ ಮಾಡುವಾಗ ಪ್ಲೇಟ್‌ಲೆಟ್ ಸಮೃದ್ಧ ರಕ್ತರಸವನ್ನು ಬಳಸಿದ ಫಲಿತಾಂಶವನ್ನು ಪ್ರಕಟಿಸಿದರು. ಇದೇ ಇಂದಿನ 'ಪಿ.ಆರ್.ಪಿ.' ರೋಗಿಯ ರಕ್ತವನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಮೊಸರಿನಿಂದ ಬೆಣ್ಣೆ ತೆಗೆಯುವಂತೆ ಬೇಕಾದ ಭಾಗವನ್ನು ಬೇರ್ಪಡಿಸುತ್ತಾರೆ. ದವಡೆಯಿಂದ ಅದು ಆಟಗಾರರ ಕೀಲುಗಳಿಗೂ, ಅಲ್ಲಿಂದ ನಮ್ಮ ಅಮ್ಮಂದಿರ ಮಂಡಿಗೂ ಬಂದಿತು.

ಕೊಬ್ಬಿನ ಕಥೆ ಬೇರೆ. ಅಸ್ಥಿಮಜ್ಜೆಯಲ್ಲಿ ಮೂಳೆಯಾಗಬಲ್ಲ ಕೋಶಗಳಿವೆಯೆಂದು ಮಾಸ್ಕೋದ ಫ್ರೀಡೆನ್‌ಸ್ಟೈನ್ 1960-70ರ ದಶಕಗಳಲ್ಲಿ ತೋರಿಸಿದ್ದನು. ಅಂಥವುಗಳಿಗೆ 1991ರಲ್ಲಿ ಅಮೆರಿಕದ ಅರ್ನಾಲ್ಡ್ ಕ್ಯಾಪ್ಲನ್ 'ಮೀಸೆಂಕೈಮಲ್ ಕಾಂಡಕೋಶ'ವೆಂಬ ಹೆಸರನ್ನು ಬಳಕೆಗೆ ತಂದನು. 2001ರಲ್ಲಿ ಪ್ಯಾಟ್ರೀಷಿಯಾ ಝಕ್ ಮತ್ತು ಸಂಗಡಿಗರು, ಹೀರಿ ತೆಗೆದ ಮಾನವ ಕೊಬ್ಬಿನಲ್ಲಿಯೂ ಇಂಥ ಕೋಶಗಳಿವೆಯೆಂದೂ, ಪ್ರಯೋಗಶಾಲೆಯಲ್ಲಿ ತಕ್ಕ ರಾಸಾಯನಿಕಗಳನ್ನು ಉಣಿಸಿದರೆ ಮೂಳೆ, ಮೃದ್ವಸ್ಥಿಗಳ ಲಕ್ಷಣ ತಾಳುತ್ತವೆಂದೂ ಪ್ರಕಟಿಸಿದರು. ಆದರೆ ಗಾಜಿನ ತಟ್ಟೆಯಲ್ಲಿ ಆದದ್ದು ಮಂಡಿಯೊಳಗೂ ಆದೀತೆಂಬ ಭರವಸೆ ಅದರಿಂದ ದೊರೆಯದು. ಹೆಸರಿಟ್ಟ ಕ್ಯಾಪ್ಲನ್ನನೇ 2017ರಲ್ಲಿ, ಈ ಕೋಶಗಳು ದೇಹದಲ್ಲಿ ಹೊಸ ಅಂಗಾಂಶವಾಗುವುದಕ್ಕಿಂತ ಔಷಧದಂಥ ವಸ್ತುಗಳನ್ನು ಸ್ರವಿಸುತ್ತವೆ, ಆದ್ದರಿಂದ ಹೆಸರನ್ನು ಬದಲಿಸಬೇಕು ಎಂದು ಬರೆದನು. ತನ್ನದೇ ಮಾತನ್ನು ತಿದ್ದಿಕೊಂಡ ಆ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು.

ಇನ್ನು ಪರೀಕ್ಷೆಯ ಮಾತು. ತರಗತಿಯಲ್ಲಿ ನಾನು ಪದೇ ಪದೇ ಹೇಳುತ್ತಿದ್ದ 'ನಿಯಂತ್ರಿತ ಪ್ರಯೋಗ' ನಿಮಗೆ ನೆನಪಿರಬಹುದು. ಆಸ್ಟ್ರೇಲಿಯಾದಲ್ಲಿ ಮಂಡಿ ಸವೆದ 288 ಮಂದಿಯಲ್ಲಿ ಕೆಲವರಿಗೆ ಪಿ.ಆರ್.ಪಿ.ಯನ್ನೂ ಉಳಿದವರಿಗೆ ಬರಿಯ ಉಪ್ಪುನೀರನ್ನೂ ಚುಚ್ಚಿದರು. ಯಾರಿಗೆ ಯಾವುದೆಂದು ಅವರಿಗೆ ತಿಳಿಸಲಿಲ್ಲ. ಫಲಿತಾಂಶ 2021ರಲ್ಲಿ ಹೊರಬಂದಿತು. ವರ್ಷದ ಬಳಿಕ ಎರಡೂ ಗುಂಪುಗಳಲ್ಲಿ ನೋವು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಗ್ಗಿತ್ತು. ಮೃದ್ವಸ್ಥಿ ಎರಡರಲ್ಲಿಯೂ ತುಸು ಸವೆದೇ ಇತ್ತು. ಉಪ್ಪುನೀರಿಗೂ ನೋವು ತಗ್ಗಿತೆಂಬುದನ್ನು ಗಮನಿಸಿ. "ನಮ್ಮ ಪಕ್ಕದ ಮನೆಯವರಿಗೆ ಗುಣವಾಯಿತು" ಎಂಬ ಮಾತು ಸುಳ್ಳಲ್ಲದಿದ್ದರೂ ಸಾಕ್ಷ್ಯವಾಗದಿರುವುದು ಇದರಿಂದಲೇ. 2023ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಮಜ್ಜೆಯ, ಕೊಬ್ಬಿನ, ಹೊಕ್ಕುಳಬಳ್ಳಿಯ ಕೋಶಗಳಲ್ಲಿ ಯಾವುದೂ ವರ್ಷದ ಬಳಿಕ ಸಾಮಾನ್ಯ ಸ್ಟೆರಾಯ್ಡ್ ಚುಚ್ಚುಮದ್ದನ್ನು ಮೀರಿಸಲಿಲ್ಲ. ಪಿ.ಆರ್.ಪಿ.ಯಿಂದ ನೋವು ಕಡಿಮೆಯಾಯಿತೆಂದು ಹೇಳುವ ಬೇರೆ ಅಧ್ಯಯನಗಳೂ ಇವೆಯೆಂಬುದನ್ನು ಮರೆಮಾಚಲಾರೆ. ಆದರೆ ನೋವು ಶಮನವಾಗುವುದು ಬೇರೆ, ಸವೆದದ್ದು ಬೆಳೆಯುವುದು ಬೇರೆ.

ನಮ್ಮ ದೇಶದಲ್ಲಿ 2017ರ ರಾಷ್ಟ್ರೀಯ ಮಾರ್ಗಸೂಚಿಯು, ರಕ್ತಸಂಬಂಧಿ ಕಾಯಿಲೆಗಳ ಕಸಿಯನ್ನು ಬಿಟ್ಟರೆ, ಅನುಮೋದಿತ ಪ್ರಯೋಗದ ಹೊರಗೆ ಕಾಂಡಕೋಶ ಚಿಕಿತ್ಸೆ ಸಲ್ಲದೆಂದಿತು. 2022ರಲ್ಲಿ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯ ಮಂಡಿನೋವಿನ ಕಾಂಡಕೋಶ ಔಷಧಕ್ಕೆ ಔಷಧ ನಿಯಂತ್ರಕರ ಅನುಮತಿ ದೊರೆಯಿತು. ಅದನ್ನು ತಯಾರಿಸುವುದು ದಾನಿಗಳ ಅಸ್ಥಿಮಜ್ಜೆಯಿಂದ, ರೋಗಿಯ ಹೊಟ್ಟೆಯ ಕೊಬ್ಬಿನಿಂದಲ್ಲ. ಅಮೆರಿಕದಲ್ಲಿಯೂ ಕೊಬ್ಬಿನಿಂದ ತೆಗೆದ ಕೋಶಮಿಶ್ರಣವು ಔಷಧವೇ, ಅದು ಸರಕಾರದ ನಿಯಂತ್ರಣಕ್ಕೆ ಒಳಪಡಬೇಕು ಎಂದು ಮೇಲ್ಮನವಿ ನ್ಯಾಯಾಲಯವೊಂದು 2024ರಲ್ಲಿ ತೀರ್ಪಿತ್ತಿತು.

ಆದ್ದರಿಂದ ಆ ಶಿಷ್ಯನಿಗೆ ಇಷ್ಟೇ ಹೇಳಿದೆ: "ವೈದ್ಯರಲ್ಲಿ ಎರಡು ಪ್ರಶ್ನೆ ಕೇಳಪ್ಪ. ಇದು ನೋವಿಗೋ, ಬೆಳವಣಿಗೆಗೋ? ಬೆಳವಣಿಗೆಗೆ ಎಂದಾದರೆ, ಯಾವ ಪರೀಕ್ಷೆಯಲ್ಲಿ ಅದು ಸಿದ್ಧವಾಗಿದೆ? ಅಷ್ಟರಲ್ಲಿ ತೊಡೆಯ ಸ್ನಾಯು ಬಲಗೊಳ್ಳುವ ವ್ಯಾಯಾಮ ನಡೆಯಲಿ, ಮೈಭಾರ ಹೆಚ್ಚಿದ್ದರೆ ತಗ್ಗಲಿ."

ಹಂಟರನ ಮಾತನ್ನು ಸುಳ್ಳು ಮಾಡುವವರು ಮುಂದೆ ಬರಬಹುದು. ಬಂದ ದಿನ ಎಲ್ಲರಿಗಿಂತ ಹೆಚ್ಚು ಸಂತೋಷಪಡುವವನು ನಾನೇ. ನನ್ನ ಬಲಮಂಡಿಯೂ ಮೆಟ್ಟಿಲು ಹತ್ತುವಾಗ ಕಿರ್ರೆನ್ನುತ್ತದೆ. ಅಲ್ಲಿಯವರೆಗೆ ಆ ತಾಯಿಯ ಬಳೆಗಳು ಕೈಯಲ್ಲಿಯೇ ಇರಲಿ.